ಗಡುವು ಮುಗಿದ ಗುರಿಗೆ ಲೆಕ್ಕ ಕೊಡಲಿ

ಮಾನ್ಯ ಸಂಪಾದಕರೇ,

2024-25ರ ವೇಳೆಗೆ ದೇಶವನ್ನು 5 ಟ್ರಿಲಿಯನ್ ಡಾಲರ್ ಆರ್ಥಿಕತೆಯನ್ನಾಗಿಸುವುದಾಗಿ ಪ್ರಧಾನಿ ನರೇಂದ್ರ ಮೋದಿಯವರು 2019ರಲ್ಲಿ ಸಾರಿದ್ದರು. ಗುರಿ ಮುಟ್ಟದೆಯೇ ಗಡುವು ಮುಗಿಯಿತು; ಈಗ ವೇದಿಕೆಗಳಲ್ಲಿ ಕೇಳಿಬರುತ್ತಿರುವುದು 2047ರೊಳಗೆ ಭಾರತವನ್ನು ಅಭಿವೃದ್ಧಿ ಹೊಂದಿದ ದೇಶವಾಗಿಸುವ ಮಾತು. ಸುಮಾರು 80 ಕೋಟಿ ಜನರಿಗೆ ಉಚಿತ ಧಾನ್ಯ ನೀಡುವ ಯೋಜನೆಯನ್ನು 2024ರ ಜನವರಿಯಿಂದ ಐದು ವರ್ಷ ವಿಸ್ತರಿಸಿದ್ದು ಸರಿಯಾದ ಕ್ರಮವೇ (ಅದನ್ನು ನಾನು ಮನಸಾರೆ ಒಪ್ಪುತ್ತೇನೆ), ಆದರೆ ಇಷ್ಟು ಬೆಳೆದ ದೇಶದಲ್ಲಿ ಅಷ್ಟೊಂದು ಜನ ಪಡಿತರವನ್ನೇ ನೆಚ್ಚಿಕೊಳ್ಳಬೇಕಾಗಿರುವುದೇಕೆ ಎಂಬುದಕ್ಕೆ ಉತ್ತರ ಬೇಕು.

ಮಾಟುಂಗದ ನಮ್ಮ ಹೋಟೆಲಿನಲ್ಲಿ ಕುಂದಾಪುರ ಕಡೆಯ ಬಿ.ಕಾಂ. ಓದಿದ ಹುಡುಗನೊಬ್ಬ ಟೇಬಲ್ ಒರೆಸುತ್ತಾನೆ. ಊರಿಗೆ ಹಣ ಕಳುಹಿಸಿದ ಮೇಲೆ, ಡೊಂಬಿವಲಿಯ ಕೋಣೆಯ ಬಾಡಿಗೆಗಾಗಿ ಪ್ರತಿ ತಿಂಗಳೂ ತಲೆತಗ್ಗಿಸಿ ಮುಂಗಡ ಕೇಳುತ್ತಾನೆ. ಪ್ರಧಾನಿಯವರು ಮುಂದಿನ ಭಾಷಣದಲ್ಲಿ ಇಂಥವರ ಉದ್ಯೋಗ, ಸಂಬಳಗಳ ಲೆಕ್ಕವನ್ನೂ ದೇಶದ ಮುಂದಿಡಲಿ.

– ಓರ್ವ ಹೋಟೆಲ್ ಉದ್ಯಮಿ, ಮಾಟುಂಗ, ಮುಂಬಯಿ