ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಹೊತ್ತನ್ನೂ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಯಜಮಾನರು ಆಟೊ ಓಡಿಸುತ್ತಾರೆ. ಮೆಜೆಸ್ಟಿಕ್ ಕಡೆಯ ಬಾಡಿಗೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದು. ಮುದ್ದೆ ಸಾರು ಉಂಡು ಹಾಗೇ ಮಲಗುತ್ತಿದ್ದರು. ಸ್ವಲ್ಪ ಹೊತ್ತಿಗೇ ಹುಳಿನೀರು ಗಂಟಲಿಗೆ ಬಂದು, ಕೆಮ್ಮುತ್ತಾ ಎದ್ದು ಕೂರುತ್ತಿದ್ದರು. ಆಮೇಲೆ ಬೆಳಗಿನವರೆಗೂ ಅರೆನಿದ್ದೆ. ಹಗಲು ಸಿಗ್ನಲ್‌ನಲ್ಲಿ ತೂಕಡಿಕೆ. ಹಿಂದೆ ಪ್ರಯಾಣಿಕರು ಕೂತಿರುತ್ತಾರೆ, ನನಗೆ ಭಯವಾಗುತ್ತಿತ್ತು.

ಮೆಡಿಕಲ್ ಸ್ಟೋರಿನಲ್ಲಿ ಪ್ಯಾಂಟೊಪ್ರಜೋಲ್ 40 ಅನ್ನುವ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ‘ದಿನಕ್ಕೊಂದು’ ಅಂದರು, ಅಷ್ಟೇ. ಇವರು ಊಟವಾದ ಮೇಲೆ ಬಿಪಿ ಮಾತ್ರೆಯ ಜೊತೆ ಅದನ್ನೂ ನುಂಗುತ್ತಿದ್ದರು. ನಿದ್ದೆ ಮಾತ್ರ ಸರಿಹೋಗಲಿಲ್ಲ. ನಿದ್ದೆ ಮಾತ್ರೆ ಬರೆಸಿಕೊಳ್ಳೋಣ ಅಂತ ಡಾಕ್ಟರ ಹತ್ತಿರ ಹೋದರೆ, ಅವರು ಹೊಸದೇನೂ ಬರೆಯಲಿಲ್ಲ. ಅದೇ ಮಾತ್ರೆಯನ್ನು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಿ ಅಂದರು.

ಕಾರಣವನ್ನೂ ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ಆಸಿಡ್ ಸುರಿಸುವ ಪಂಪ್‌ಗಳು ಊಟ ಬಿದ್ದಾಗ ಚುರುಕಾಗುತ್ತವೆ. ಅಷ್ಟರೊಳಗೆ ಮಾತ್ರೆ ರಕ್ತಕ್ಕೆ ಸೇರಿದ್ದರೆ ಮಾತ್ರ ಅವುಗಳನ್ನು ಚೆನ್ನಾಗಿ ತಡೆಯುತ್ತದೆ. ಎಚ್ಚರವಿದ್ದಾಗ ನಾವು ಎಂಜಲು ನುಂಗುತ್ತಲೇ ಇರುತ್ತೇವೆ, ಮೇಲೆ ಬಂದ ಆಸಿಡ್ ತೊಳೆದು ಹೋಗುತ್ತದೆ. ನಿದ್ದೆಯಲ್ಲಿ ನುಂಗುವುದೂ ಕಡಿಮೆ, ಎಂಜಲೂ ಕಡಿಮೆ. ಹಾಗಾಗಿ ಅದು ಅಲ್ಲೇ ನಿಂತು ಸುಡುತ್ತದೆ.

ಈಗ ಡಬ್ಬಿ ಕಟ್ಟಿಕೊಡುತ್ತೇನೆ. ಏಳೂವರೆಗೆ ಮಾತ್ರೆ, ಎಂಟಕ್ಕೆ ಆಟೊ ಸ್ಟ್ಯಾಂಡಿನಲ್ಲೇ ಊಟ. ಮಲಗುವ ಹೊತ್ತಿಗೆ ಮೂರು ಗಂಟೆ ಆಗಿರುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದೇವೆ. ಎಡಮಗ್ಗುಲಲ್ಲಿ ಮಲಗುತ್ತಾರೆ. ಮಾತ್ರೆಯೊಂದರಿಂದಲೇ ಎಲ್ಲಾ ಆಯ್ತು ಅಂತ ನಾನು ಹೇಳಲಾರೆ. ಆದರೆ ಈಗ ರಾತ್ರಿಯಿಡೀ ನಿದ್ದೆ ಮಾಡುತ್ತಾರೆ.

ನಮ್ಮ ಬೀದಿಯಲ್ಲಿ ವರ್ಷಗಟ್ಟಲೆ ಈ ಮಾತ್ರೆ ಸುಮ್ನೆ ನುಂಗುವವರು ಜಾಸ್ತಿ ಇದ್ದಾರೆ. ಬಹಳ ಕಾಲ ತಗೊಂಡರೆ ಮೈಯಲ್ಲಿ ಬಿ12 ವಿಟಮಿನ್, ಮೆಗ್ನೀಸಿಯಂ ಇಳಿಯಬಹುದು. ಥಟ್ಟನೆ ಬಿಟ್ಟರೂ ಆಸಿಡ್ ಕೆಲವು ವಾರ ಇನ್ನೂ ಜಾಸ್ತಿ ಆಗಬಹುದು. ನುಂಗಲು ಕಷ್ಟ, ತೂಕ ಇಳಿಯುವುದು, ಕಪ್ಪು ಮಲ, ಇವು ಕಂಡರಂತೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಎದೆ ಉರಿ ಅಂದುಕೊಂಡದ್ದು ಹೃದಯದ ನೋವೂ ಆಗಿರಬಹುದು. ಇದನ್ನೆಲ್ಲಾ ಮಾತ್ರೆ ಕೊಡುವವರೇ ಹೇಳಬೇಕು ಅಲ್ವಾ?

ಸ್ಟ್ರಿಪ್ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ನಮ್ಮಂಥವರು ಓದಲಾರೆವು. ‘ಊಟಕ್ಕೆ ಅರ್ಧ ಗಂಟೆ ಮೊದಲು’ ಎಂದು ಕವರಿನ ಮೇಲೆ ಕನ್ನಡದಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಹಾಕಿದರೂ ಸಾಕು. ಔಷಧ ನಿಯಂತ್ರಣ ಇಲಾಖೆ ಎಲ್ಲಾ ಮೆಡಿಕಲ್ ಸ್ಟೋರುಗಳಿಗೂ ಇದನ್ನು ಕಡ್ಡಾಯ ಮಾಡಲಿ.

– ಒಬ್ಬ ಗೃಹಿಣಿ, ಶ್ರೀನಗರ, ಬೆಂಗಳೂರು