ಅರ್ಬಿಗೆ ಮೆಟ್ಟಿಲು ಕಟ್ಟುವ ಮೊದಲು ಪದವು ಹತ್ತಿ ನೋಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮೂರಿನ ಅರ್ಬಿಯನ್ನು, ಅಂದರೆ ಜಲಪಾತವನ್ನು, ಪ್ರವಾಸಿ ತಾಣ ಮಾಡುವ ಯೋಜನೆ ತಯಾರಾಗುತ್ತಿದೆ ಎಂದು ಕೇಳಿ ಸಂತೋಷವೂ ಆಯಿತು, ಆತಂಕವೂ ಆಯಿತು. ರಸ್ತೆಯಿಂದ ಅರ್ಬಿಯ ಬುಡದವರೆಗೆ ಕಾಂಕ್ರೀಟ್ ಮೆಟ್ಟಿಲು, ಸ್ಟೀಲಿನ ಕಂಬಿ, ಇಂಟರ್‌ಲಾಕ್ ಹಾಸಿದ ಪಾರ್ಕಿಂಗ್, ಒಂದು ಸೆಲ್ಫಿ ಪಾಯಿಂಟ್. ಊರಲ್ಲಿ ಕೈಯಿಂದ ಕೈಗೆ ದಾಟುತ್ತಿರುವ ನಕ್ಷೆಯಲ್ಲಿ ಇರುವುದು ಇಷ್ಟು. ಅರ್ಬಿಗೆ ನೀರು ಕೊಡುವ ಪದವಿನ, ಅಂದರೆ ಗುಡ್ಡದ ನೆತ್ತಿಯ ಬಯಲು ಪಾರೆಯ ಬಗ್ಗೆ ಅದರಲ್ಲಿ ಒಂದು ಗೆರೆಯೂ ಇಲ್ಲ. ಅದಕ್ಕಾಗಿ ಈ ಪತ್ರ.

ವಾರದ ಕೊನೆಗೆ ಕಾಸರಗೋಡು ಪೇಟೆಯಿಂದ, ಮಂಗಳೂರಿನಿಂದ ಬೈಕಿನಲ್ಲಿ ಬರುವ ಯುವಕ ಯುವತಿಯರನ್ನು ನಾವು ದೂರುವವರಲ್ಲ. ಪೇಟೆಯಲ್ಲಿ ಸಿಗದ್ದು ಇಲ್ಲಿದೆ, ಬರಲಿ. ಅಡಿಕೆ ತೋಟದ ಬದಿಯಲ್ಲಿ ಇಳಿದು ತೋಡಿನ (ಹಳ್ಳದ) ಸಂಕ, ಅಂದರೆ ಕಾಲುಸೇತುವೆ, ದಾಟಿದರೆ ಕಾಡು ಶುರು. ಅರ್ಧ ಗಂಟೆಯೊಳಗಿನ ದಾರಿ, ಮಕ್ಕಳೂ ನಡೆಯಬಹುದು. ದಾರಿಯ ಒಂದು ಬದಿಗೆ ಕೇಪುಳದ ಪೊದೆ, ಕಾಸರಕನ ಮರ. ಇನ್ನೊಂದು ಬದಿಗೆ ಆಳೆತ್ತರದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದರೆ. ಆ ದರೆಯ ತುಂಬ ಹೆಬ್ಬೆರಳು ತೂರುವಷ್ಟು ತೂತುಗಳು. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಕಾದರೂ ಆ ತೂತುಗಳಿಂದ ನೀರು ಒಸರುತ್ತಲೇ ಇರುತ್ತದೆ. ಒಸರಿದಲ್ಲೆಲ್ಲ ಪಾಚಿ, ಸಣ್ಣ ಸಣ್ಣ ಜರಿಗಿಡ. ಬೊಗಸೆ ಒಡ್ಡಿದರೆ ಒಂದು ಕಣ ಮಣ್ಣಿಲ್ಲದ ತಣ್ಣನೆಯ ನೀರು. ಅರ್ಬಿಯನ್ನು ನಡೆಸುತ್ತಿರುವುದು ಈ ಒರತೆಗಳು. ಮೆಟ್ಟಿಲಿಗೆಂದು ಕಡಿಯಲು ಗುರುತು ಹಾಕಿರುವುದೂ ಇದೇ ದರೆಯನ್ನು.

ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಗುಡ್ಡದಿಂದ ಕಡಲಿಗೆ ದೂರವೂ ಕಡಿಮೆ. ಹಾಗಿದ್ದೂ ಮಳೆಗಾಲ ಕಳೆದ ಮೇಲೆ ನಮಗೆ ನೀರು ಉಳಿಯುತ್ತಿತ್ತಲ್ಲ, ಅದು ಪದವಿನ ದೆಸೆಯಿಂದ. ಮೇಲೆ ನೋಡಿದರೆ ಹುಲ್ಲು ಬಿಟ್ಟು ಏನೂ ಬೆಳೆಯದ ಬರಡು ಪಾರೆ, ಒಳಗೆಲ್ಲ ತೂತು. ಬಿದ್ದ ಮಳೆ ಕಲ್ಲಿನೊಳಗೆ ಇಳಿಯುತ್ತದೆ. ಕೆಳಗಿನ ಜೇಡಿಮಣ್ಣು ಅದನ್ನು ಇನ್ನೂ ಆಳಕ್ಕೆ ಬಿಡುವುದಿಲ್ಲ. ಆಗ ನೀರು ಅಡ್ಡಲಾಗಿ ಹರಿದು ಗುಡ್ಡದ ಪಕ್ಕೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಮ್ಮ ಹಿರಿಯರು ಇದನ್ನು ಅರಿತೇ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಪಂಪು ವಿದ್ಯುತ್ತು ಯಾವುದೂ ಇಲ್ಲದೆ ಅಂಗಳಕ್ಕೆ ನೀರು ತಂದರು. ಗಡಿಯಾಚೆ ಕರ್ನಾಟಕದ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೂ ನಮ್ಮ ಮನೆಯವರಿಗೇ ಬಂದಷ್ಟು ಹೆಮ್ಮೆಪಟ್ಟೆವು. ಅವರ ಸುರಂಗಕ್ಕೆ ಬಂದ ನೀರೂ ಇಂಥ ಕಲ್ಲಿನೊಳಗಿನದೇ.

ಈಗ ಪದವಿನ ಮೇಲೆ ಏನಾಗುತ್ತಿದೆ ಎಂದು ಹೇಳುತ್ತೇನೆ. ಮೊದಲು ಜೆಸಿಬಿ ಬಂದು ಮೇಲಿನ ಮಣ್ಣು ಕೆರೆದು ಬದಿಗೆ ರಾಶಿ ಹಾಕುತ್ತದೆ. ಆಮೇಲೆ ಯಂತ್ರದಿಂದ ಕಲ್ಲು ಕೊಯ್ಯುತ್ತ ಕೊಯ್ಯುತ್ತ ಜೇಡಿಮಣ್ಣು ಕಾಣುವವರೆಗೂ ಇಳಿಯುತ್ತಾರೆ. ಕಲ್ಲು ಲಾರಿ ಹತ್ತುತ್ತದೆ, ಹೊಂಡ ಹಾಗೇ ಉಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು ಕೋರೆ (ಕಲ್ಲಿನ ಗಣಿ) ಶುರುವಾಗುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಲ್ಲೇ ಹೋದ ಮೇಲೆ ಒರತೆಗೆ ನೀರೆಲ್ಲಿಂದ ಬರಬೇಕು? ಮೊದಲೆಲ್ಲ ಧನುರ್ಮಾಸದವರೆಗೂ ಬೀಳುತ್ತಿದ್ದ ಅರ್ಬಿ ಈಗ ದೀಪಾವಳಿಗೇ ಸೊರಗುತ್ತದೆ. ಜೋರು ಮಳೆಗೆ ಕೆಂಪಗೆ ಕದಡಿದ ನೀರು, ಮಳೆ ನಿಂತರೆ ಬರೀ ಬಂಡೆ. ತೋಡಿಗೆ ಅಡ್ಡಲಾಗಿ ಕಟ್ಟ (ಒಡ್ಡು) ಹಾಕುತ್ತಿದ್ದ ತೋಟದವರು ಕಟ್ಟಿ ನಿಲ್ಲಿಸಲು ನೀರೇ ಇಲ್ಲದೆ ಕೊಳವೆಬಾವಿ ಕೊರೆಸುತ್ತಿದ್ದಾರೆ.

ಕೋರೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆ, ಶಾಲೆ, ದೇವಸ್ಥಾನದ ಪಾಗಾರ ಎಲ್ಲವೂ ಮುರಕಲ್ಲಿನವೇ. ಅದರಲ್ಲಿ ದುಡಿದು ಉಣ್ಣುವ ಕುಟುಂಬಗಳು ನಮ್ಮ ನೆರೆಕರೆಯಲ್ಲೇ ಇವೆ. ಆದರೆ ಅರ್ಬಿಯ ನೆತ್ತಿಯ ಮೇಲೆ ಬೇಡ. ನಾಲ್ಕು ಸುರಂಗಗಳ ಬೇರಿನ ಮೇಲೆ ಬೇಡ.

ಗುಡ್ಡದ ಮೇಲೆ ಮಾಡಿದ್ದು ಕೆಳಗಿನವರಿಗೆ ತಟ್ಟುತ್ತದೆ ಎಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಎಣ್ಮಕಜೆಯ ಜನ ಕುಡಿದದ್ದು ತೋಡಿನ ನೀರು, ಸುರಂಗದ ನೀರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರು ನರಳಿಯಾಗಿತ್ತು. ಕೋರೆಯನ್ನೂ ಆ ವಿಷವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ, ಇಡುತ್ತಲೂ ಇಲ್ಲ. ಕೆಳಗಿರುವವರನ್ನು ಒಂದು ಮಾತು ಕೇಳದೆ ಮೇಲಿನದನ್ನು ತೀರ್ಮಾನ ಮಾಡಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

ಪೆರಿಯದ ಕಡೆ ಮಳೆಗಾಲದ ತೋಡುಗಳಲ್ಲಿ ಅರಳುವ ಬಿಳಿ ಹೂವೊಂದನ್ನು 2012ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟರು. ನಮ್ಮ ಜಿಲ್ಲಾ ಪಂಚಾಯತು ಅದನ್ನೇ ಜಿಲ್ಲೆಯ ಹೂವೆಂದು ಘೋಷಿಸಿದೆ. ಮುರಕಲ್ಲಿನ ಗುಡ್ಡದಿಂದ ಇಳಿಯುವ ಹರಿವಿನಲ್ಲೇ ಬದುಕುವ ಗಿಡ ಅದು. ಹೂವಿಗೆ ಪಟ್ಟ ಕಟ್ಟಿದ ಮೇಲೆ ಅಂಥ ತೋಡುಗಳನ್ನು ಕಾಯುವ ಹೊಣೆಯೂ ನಮ್ಮದಲ್ಲವೇ?

ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನಡಿ ರಾಜ್ಯ ಸರ್ಕಾರ ಇಂಥ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ಮಹಾರಾಷ್ಟ್ರದ ಆಂಬೋಲಿಯಲ್ಲಿ ಹಿರಣ್ಯಕೇಶಿ ನದಿಯ ಮೂಲದಲ್ಲಿ ಸಿಕ್ಕಿದ ಒಂದು ಪುಟ್ಟ ಮೀನಿಗಾಗಿ 2021ರಲ್ಲಿ ಎರಡು ಹೆಕ್ಟೇರಿಗಿಂತ ತುಸು ಹೆಚ್ಚಿನ ಜಾಗವನ್ನು ಹಾಗೆ ಕಾಪಾಡಿದರು. ನಮ್ಮ ಪದವಿಗೂ ಅದು ಆಗಬಹುದು. ಪಂಚಾಯತಿನ ಜೀವವೈವಿಧ್ಯ ಸಮಿತಿಯಿಂದ ಪ್ರಸ್ತಾವ ಹೊರಡಬೇಕು, ತಾವು ಬೆನ್ನಿಗೆ ನಿಲ್ಲಬೇಕು. ಅದು ತೀರ್ಮಾನವಾಗುವವರೆಗೆ ಅರ್ಬಿಗೆ ನೀರುಣಿಸುವ ಭಾಗದಲ್ಲಿ ಹೊಸ ಕೋರೆಗೆ ಅನುಮತಿ ಸಿಗದಂತೆ, ಹಳೆಯ ಹೊಂಡಗಳಿಗೆ ಮಣ್ಣು ತುಂಬುವಂತೆ ತಾವು ನೋಡಿಕೊಂಡರೆ ಉಪಕಾರವಾದೀತು.

ಅರ್ಬಿಯ ಬುಡಕ್ಕೆ ಬೇಕಾದದ್ದು ಕಡಿಮೆ. ಮಣ್ಣಿನ ದಾರಿ ಮಣ್ಣಿನದಾಗಿಯೇ ಇರಲಿ, ಜಾರುವಲ್ಲಿ ನಾಲ್ಕು ಹಾಸುಕಲ್ಲು ಸಾಕು. ಮೇಲೆ ಪದವಿನಲ್ಲಿ ಮಳೆ ಹೊಯ್ದರೆ ಕೆಳಗೆ ಬಿಸಿಲಿದ್ದರೂ ನೀರು ಒಮ್ಮೆಲೇ ಉಕ್ಕುತ್ತದೆ. ಪೇಟೆಯಿಂದ ಬಂದವರಿಗೆ ಇದು ತಿಳಿಯದು. ಅದನ್ನು ಹೇಳುವ ಫಲಕ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಈಗಿರುವುದರಲ್ಲಿ ಕನ್ನಡ ಇಲ್ಲ, ಬರುವವರಲ್ಲಿ ಅರ್ಧಕ್ಕರ್ಧ ಕನ್ನಡ ಓದುವವರು. ಮಳೆಗಾಲದಲ್ಲಿ ಊರಿನ ಇಬ್ಬರು ಯುವಕರಿಗೆ ಸಂಬಳ ಕೊಟ್ಟು ಕಾವಲಿಗೆ ನಿಲ್ಲಿಸಿ. ಸೆಲ್ಫಿ ಪಾಯಿಂಟಿನ ದುಡ್ಡು ಅದಕ್ಕೆ ಧಾರಾಳ ಸಾಕು.

ಯೋಜನೆಗೆ ಸಹಿ ಬೀಳುವ ಮೊದಲು ಒಮ್ಮೆ ಬನ್ನಿ. ಭೂವಿಜ್ಞಾನ ಇಲಾಖೆಯವರನ್ನೂ ಕರೆದುಕೊಂಡು ಬನ್ನಿ. ಅರ್ಬಿಯ ಹತ್ತಿರ ಫೋಟೋ ತೆಗೆದು ಹಿಂದಿರುಗುವುದು ಬೇಡ, ದರೆಯ ಬದಿಯಿಂದ ಇನ್ನಷ್ಟು ಹತ್ತಿ ಪದವಿನವರೆಗೂ ಹೋಗೋಣ. ದಾರಿ ತೋರಿಸಲು ಸುರಂಗ ಬಲ್ಲ ಹಿರಿಯರೂ ತೋಟದವರೂ ನಾನೂ ಬರುತ್ತೇವೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಸರ್ಕಾರಕ್ಕೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಇದೇ ವಿಷಯದ ಮನವಿಯನ್ನು ಕನ್ನಡದಲ್ಲೇ ಸಂಬಂಧಪಟ್ಟ ಕಚೇರಿಗಳಿಗೂ ಕೊಡುತ್ತಿದ್ದೇವೆ. ತಾವು ಬರುವ ದಿನವನ್ನು ಮುಂಚಿತವಾಗಿ ತಿಳಿಸಿದರೆ ಊರವರೆಲ್ಲ ಸೇರಲು ಅನುಕೂಲ.

ಇಂತು ತಮ್ಮ ಕ್ಷೇತ್ರದ ಮತದಾರ,
ತೋಡಿನ ಕೆಳಗಿನ ಒಬ್ಬ ಅಡಿಕೆ ಕೃಷಿಕ