ರಜೆಗೆ ಬರುವವರಿಗೆ ಅಜ್ಜಿಯ ಸೂಚನೆ

ಮಕ್ಕಳೇ, ಮೊಮ್ಮಕ್ಕಳೇ, ಮೈಸೂರಿನ ಬಸ್ಸು ಹತ್ತುವ ಮೊದಲು ಇದನ್ನು ಓದಿಬಿಡಿ.

ಮಹಡಿ ಮೇಲೆ ಅರಳು ಸಂಡಿಗೆ ಇಟ್ಟಿದ್ದೇನೆ, ಬೂದುಗುಂಬಳ ಹಾಕಿ. ಒಣಗುವ ಮೊದಲೇ ಕಿತ್ತು ತಿನ್ನಬೇಡಿ. ಹಸಿ ಹಿಟ್ಟು ಬೇಕಾದವರಿಗೆ ಬೇರೆ ತೆಗೆದಿಡುತ್ತೇನೆ. ಇದು ದೊಡ್ಡವರಿಗೂ ಹೇಳಿದ ಮಾತೇ, ಯಾರಿಗೆ ಅಂತ ಗೊತ್ತಲ್ವಾ!

ಗಿಡಗಳಿಗೆ ನೀರು ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ. ಮಧ್ಯಾಹ್ನ ಹಾಕಿದರೆ ಸುಮ್ನೆ ಆವಿಯಾಗಿ ಹೋಗುತ್ತದೆ. ಅಕ್ಕಿ ತೊಳೆದ ನೀರು ಚೆಲ್ಲಬೇಡಿ, ಕರಿಬೇವಿನ ಬುಡಕ್ಕೆ ಹಾಕಿ. ಕುಂಡಗಳಲ್ಲಿರುವ ತರಗೆಲೆ ಕಸ ಅಲ್ಲ. ಮಣ್ಣು ಒಣಗದಿರಲಿ ಅಂತ ನಾನೇ ಹರಡಿದ್ದು. ಹೋದ ವರ್ಷ ಯಾರೋ ಪುಣ್ಯಾತ್ಮರು ಗುಡಿಸಿಬಿಟ್ಟಿದ್ದರು.

ಮಲ್ಲಿಗೆ ಜೋರಾಗಿ ಬಿಡುತ್ತಿದೆ. ಅರಳುವ ಮೊದಲೇ ಮೊಗ್ಗು ಬಿಡಿಸಬೇಕು, ಕಟ್ಟಿ ಮುಡಿಯುವಷ್ಟರಲ್ಲಿ ತಾನೇ ಅರಳುತ್ತದೆ. ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಇದೆ ಕಣ್ರೋ, ಸ್ವಲ್ಪ ಮರ್ಯಾದೆಯಿಂದ ಕೀಳಿ. ಕಟ್ಟಲು ಬಾಳೆನಾರು ನೆನೆಸಿಟ್ಟಿರುತ್ತೇನೆ. ಹುಡುಗರೂ ಕಲಿಯಬೇಕು.

ಮಾವಿನಕಾಯಿ ಉಪ್ಪಿನಕಾಯಿ ಬೇಕಾದವರು ಒಣಗಿದ ಗಾಜಿನ ಬಾಟಲಿ ತನ್ನಿ. ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಕೊಡುವುದಿಲ್ಲ. ಯಾವತ್ತು ಬರುತ್ತೀರಿ, ಎಷ್ಟು ಜನ ಅಂತ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ತೋರಿಸಬೇಡಿ.